ಕೈ ತಟ್ಟದ ವ್ಯಾಪಾರ

ಸ್ಲೈಗೋ ಸೀಮೆ, ನವೆಂಬರ್ 1938

ಪ್ರೀತಿಯ ಅಪ್ಪನಿಗೆ,

ಮುರಿದ ಕಾಲು ಕೂಡುತ್ತಿದೆ ಎಂದು ಆಸ್ಪತ್ರೆಯ ನರ್ಸ್ ಬರೆದಿದ್ದಾರೆ, ಸಮಾಧಾನವಾಯಿತು. ಸೋಮವಾರದ ಸಂತೆಯ ಸುದ್ದಿ ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ.

ನೀವು ಹೇಳಿದಂತೆ ನಮ್ಮ ಕಂದು ಕುದುರೆಯನ್ನು ಪೇಟೆಗೆ ನಡೆಸಿಕೊಂಡು ಹೋದೆ. ಅದನ್ನು ಮಾರುತ್ತೇನೆಂದು ನೀವು ಮಾತು ಕೊಟ್ಟಿದ್ದ ಗೆರಾಟಿ ತನ್ನ ಗಾಡಿಯಲ್ಲಿ ಬಂದ. ದಲ್ಲಾಳಿ ಮಾರ್ಟಿ ನನ್ನ ಮಣಿಕಟ್ಟು ಹಿಡಿದು, ಗೆರಾಟಿಯ ಅಂಗೈಗೆ ತಟ್ಟಿಸಲು ಎಳೆದ.

"ತಟ್ಟು ತಾಯಿ, ನಿಮ್ಮಪ್ಪ ಒಪ್ಪಿದ್ದಾಯ್ತಲ್ಲ!"

ಒಮ್ಮೆ ತಟ್ಟಿದರೆ ವ್ಯಾಪಾರ ಮುಗಿದಂತೆ ಎಂಬುದು ನನಗೂ ಗೊತ್ತು. ಗೆರಾಟಿ ಕೈ ಎತ್ತಿದ. ಹೊಡೆಯಲು ಎತ್ತಿದ್ದಲ್ಲ; ಆದರೂ ಗಾಡಿಗೆ ಕಟ್ಟಿದ್ದ ಅವನ ಕುದುರೆ ಗಡಗಡ ನಡುಗಿ ಹಿಂದೆ ಸರಿಯಿತು. ಅದರ ಬೆನ್ನ ಮೇಲೆ ಬಾಸುಂಡೆಗಳಿದ್ದವು.

ನಾನು ಕೈ ಬಿಡಿಸಿಕೊಂಡೆ.

"ಆಡಿದ ಮಾತಿಗೆ ನಿಲ್ಲದ ಮನೆತನ!" ಎಂದು ಗೆರಾಟಿ ಬೀದಿಗೆಲ್ಲ ಕೇಳುವಂತೆ ಕೂಗಿದ.

"ಮಾತು ಕೊಟ್ಟೋರು ಅಪ್ಪ, ಮುರೀತಿರೋಳು ನಾನು. ಬೈಯೋದಿದ್ರೆ ನನ್ನ ಬೈ," ಎಂದೆ.

ಅವನು ಚಾಟಿ ಹಿಡಿದು ಎದುರಿಗೆ ಬಂದ. ಅಷ್ಟು ಜನರಲ್ಲಿ ಯಾರೂ ಮಿಸುಕಲಿಲ್ಲ. ನಾನೂ ನಮ್ಮ ಕುದುರೆಯ ಹಗ್ಗ ಬಿಡಲಿಲ್ಲ. ಕೊನೆಗೆ ಮಾರ್ಟಿಯೇ ನಡುವೆ ನುಗ್ಗಿ, "ಬಿಡೋ ಮಾರಾಯ, ಹುಡುಗಿ ಕೊಡಲ್ಲ ಅಂದ್ಲಲ್ಲ," ಎಂದು ಅವನನ್ನು ಹೆಂಡದಂಗಡಿಗೆ ಎಳೆದುಕೊಂಡು ಹೋದ.

ನಮ್ಮ ಕುದುರೆ ಮನೆಯ ಲಾಯದಲ್ಲಿದೆ. ಚಳಿಗಾಲಕ್ಕೆ ಹುಲ್ಲು ಸಾಲದು, ಕೊಳ್ಳಲು ಹಣ ಬೇಕು, ಅದಕ್ಕೇ ಪಾದ್ರಿಗಳ ಮನೆಯ ಅಡುಗೆ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ. ನಿಮ್ಮ ಉಣ್ಣೆಯ ಕಾಲುಚೀಲ ಈ ಕಾಗದದ ಜೊತೆಗಿದೆ.

ಶುಕ್ರವಾರ ಗೆರಾಟಿ ಆಸ್ಪತ್ರೆಗೆ ಬರುತ್ತಾನಂತೆ. ನಿದ್ದೆ ಬಂದವರಂತೆ ಗೋಡೆಯತ್ತ ತಿರುಗಿ ಮಲಗಿಬಿಡಿ. ಮತ್ತೆ ಮಾತು ಮಾತ್ರ ಕೊಡಬೇಡಿ ಅಪ್ಪ. ಕೊಟ್ಟರೆ ಅದನ್ನೂ ಮುರಿಯುತ್ತೇನೆ.

ನಿಮ್ಮ ಮಗಳು,
ಅಟ್ರಾಕ್ಟಾ