ಕರಿಗೋಡೆಯ ಮುಂದಿನ ಕುರ್ಚಿ

ಹುಣಸೂರು ತಾಲ್ಲೂಕು, ನಮ್ಮೂರಿನಿಂದ
೬ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಮಗಳು ರಮ್ಯಶ್ರೀಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಮಡಿಕೇರಿಯ ಥಂಡಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತೇನೋ ಎಂದು ಯೋಚನೆ. ಡ್ಯೂಟಿ ಜಾಸ್ತಿ ಇದ್ದ ದಿನ ಆಸ್ಪತ್ರೆ ಕ್ಯಾಂಟೀನಿನ ಟೀಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡ. ಊರಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮನೇ ಹೀಗೆ ಮಾಡಿದರೆ ಹೇಗೆ? ನಾನು ಚೆನ್ನಾಗಿದ್ದೇನೆ. ‘ಬಿ.ಪಿ. ಮಾತ್ರೆ ತಗೊಂಡ್ರಾ ಅಪ್ಪ’ ಎಂದು ನೀನು ದಿನಾ ಸಂಜೆ ಕಳಿಸುವ ಮೆಸೇಜು ಬರುತ್ತದೆ, ನಾನು ‘ಹೂಂ’ ಎಂದು ಒತ್ತಿ ಕಳಿಸುತ್ತೇನೆ. ಫೋನ್ ಮಾಡಿದರೆ ಮಾತ್ರ ನೀನು ಎತ್ತುವುದಿಲ್ಲ, ಪಕ್ಕದಲ್ಲಿ ನಿಮ್ಮವ್ವ ಇರುತ್ತಾಳೆಂದು. ಅದಕ್ಕೇ ಈ ಪತ್ರ. ಪೆನ್ನು ಹಿಡಿದು ಎಷ್ಟೋ ವರ್ಷವಾಯಿತು, ಅಕ್ಷರ ಕೋಳಿ ಕೆದಕಿದಂತಿದ್ದರೆ ಬೈದುಕೊಂಡೇ ಓದು.

ನಡುಮನೆಯ ಆ ಗೋಡೆ ಇನ್ನೂ ಹಾಗೇ ಇದೆ. ಮೂರು ಗೋಡೆಗೆ ಬೆಣ್ಣೆ ಬಣ್ಣ, ನಾಲ್ಕನೆಯದಕ್ಕೆ ಮಾತ್ರ ಕಪ್ಪೋ ನೀಲಿಯೋ ಹೇಳಲಾಗದ, ಮಾಗಿದ ನೇರಳೆಹಣ್ಣಿನಂಥ ಬಣ್ಣ. ಪೇಂಟರ್ ಬೆಟ್ಟಸ್ವಾಮಿ ಹುಣಸೂರಿನ ಅಂಗಡಿಯಲ್ಲಿ ಮೆಷಿನ್ನಿಗೆ ಹಾಕಿಸಿ ಕಲಸಿಸಿಕೊಂಡು ಬಂದವನು ಬ್ರಷ್ ಹಿಡಿದೇ ಅನುಮಾನಿಸಿದ, ಹೆಣ್ಣು ನೋಡಲು ಬರುವ ಮನೆಗೆ ಇಂಥ ಬಣ್ಣವೇ ಎಂದು. ಪೇಟೆಯಲ್ಲೆಲ್ಲ ಈಗ ಇದೇ ಫ್ಯಾಷನ್ ಎಂದು ಅವನ ಬಾಯಿ ಮುಚ್ಚಿಸಿದ್ದಾಯಿತು. ಎರಡು ಕೋಟ್ ಹೊಡೆದು, ಮುಂದೆ ಹಿತ್ತಾಳೆ ದೀಪ ಇಳಿಬಿಟ್ಟ ಮೇಲೆ ನನಗಂತೂ ಅರಮನೆಯಂತೆಯೇ ಕಂಡಿತು. ಪಕ್ಕದ ಮನೆಯ ರುದ್ರಸ್ವಾಮಿ ಬಾಗಿಲಲ್ಲೇ ನಿಂತು, ‘ಏನ್ಲಾ ಜವರಯ್ಯ, ಗ್ವಾಡೇನ ಸ್ಲೇಟ್ ಮಾಡ್ಬುಟ್ಟಿದ್ದೀಯ, ಮಗ್ಗಿ ಬರ್ಸೀಯೇನ್ಲಾ’ ಎಂದು ನಕ್ಕ. ರಜೆಗೆ ಬಂದ ನೀನು ಮಾತ್ರ ಚೆಂದ ಇದೆ ಅಪ್ಪ ಎಂದೆ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಆಮೇಲಿನದು ನಿನಗೆ ಗೊತ್ತು. ಕೆ.ಆರ್. ನಗರದಿಂದ ಹುಡುಗ ಚೇತನ್‌ಕುಮಾರ್ ಮನೆಯವರು ಬಂದಾಗ ನೀನು ಕಿಟಕಿ ಪಕ್ಕಕ್ಕೆ ಹೊರಟೆ, ಸಣ್ಣವಳಿದ್ದಾಗಿನಿಂದ ನಿನ್ನ ಜಾಗ ಅದೇ. ನಿಮ್ಮವ್ವ ಮೂರು ಸಲ ಕರೆದು ಕರಿಗೋಡೆಯ ಮುಂದಿನ ಕುರ್ಚಿಯಲ್ಲೇ ಕೂರಿಸಿದಳು. ಮಾತುಕತೆ ಚೆನ್ನಾಗಿಯೇ ನಡೆಯಿತು, ಹುಡುಗನೂ ಒಳ್ಳೆಯವನಂತೆ ಕಂಡ. ಅವರು ಹೊರಟಾಗ ನೀನು ಅಂಗಳದ ಬಿಸಿಲಿಗೆ ಬಂದು ಕೈಮುಗಿದೆ. ಅವನ ಸೋದರತ್ತೆ ನಿನ್ನ ಮುಖವನ್ನೇ ನೋಡಿ, ‘ವಳ್ಗೆ ಕೂತಿದ್ದಾಗ ಇನ್ನೊಸಿ ಬೆಳ್ಳಗೆ ಕಾಣ್ತಿದ್ಲಲ್ಲ’ ಎಂದರು. ನೀನು ತಿರುಗಿ ಬಾಗಿಲೊಳಗಿನ ಗೋಡೆಯನ್ನು ನೋಡಿದೆ, ಕುರ್ಚಿಯನ್ನು ನೋಡಿದೆ, ಆಮೇಲೆ ಅವ್ವನನ್ನು. ಅವರ ಕಾರು ಹೋದ ಮೇಲೆ ನೀನು ಕೇಳಿದ್ದು ಒಂದೇ ಮಾತು: ‘ಅವ್ವ, ನನ್ ಬಣ್ಣ ನಿಂಗೂ ಸಾಲ್ದೇ ಹೋಯ್ತಾ?’ ಅವಳು ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ. ನೀನು ಸಂಜೆ ಬಸ್ಸಿಗೇ ಮಡಿಕೇರಿಗೆ ಹೊರಟುಬಿಟ್ಟೆ.

ಇವತ್ತಿಗೆ ಮೂರು ವಾರ. ನಿಮ್ಮವ್ವ ನಡುಮನೆಯಲ್ಲಿ ಕೂರುವುದಿಲ್ಲ, ಧಾರಾವಾಹಿ ನೋಡುವುದಿಲ್ಲ, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ನಿನ್ನ ಮೆಸೇಜಿನ ಸದ್ದಾದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಲೆಮನೆಯಿಂದ ಬಂದು, ಏನಂತೆ ಎನ್ನುತ್ತಾಳೆ. ಮಾತ್ರೆ ಕೇಳಿದ್ದಾಳೆ ಎನ್ನುತ್ತೇನೆ. ‘ಅಷ್ಟೇಯಾ’ ಎಂದು ಒಳಗೆ ಹೋಗುತ್ತಾಳೆ. ಹುಡುಗನ ಕಡೆಯವರು ಒಪ್ಪಿಗೆ ಎಂದು ಹೇಳಿ ಕಳಿಸಿದ್ದಾರೆ. ಮಗಳನ್ನು ಕೇಳದೆ ಉತ್ತರ ಕೊಡುವುದಿಲ್ಲ ಎಂದಿದ್ದೇನೆ. ಬೇಡವೆಂದರೆ ಬೇಡ, ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ.

ಬರೆಯುತ್ತ ಹಳೆಯದೊಂದು ನೆನಪಾಯಿತು. ನೀನು ಮೂರನೇ ಕ್ಲಾಸಿನಲ್ಲಿದ್ದೆ. ಬಿಸಿಗೆ ಒಣಗಿಸುವ ಬ್ಯಾರನ್ನಿನಿಂದ ಇಳಿಸಿದ ಹೊಗೆಸೊಪ್ಪನ್ನು ನಾನು ಬಣ್ಣ ನೋಡಿ ವಿಂಗಡಿಸುತ್ತಿದ್ದೆ. ವ್ಯಾಪಾರದವರು ಬರುವ ಮುಂಚೆ ಮಂಕು ಎಲೆಯನ್ನೆಲ್ಲ ಕರಿ ಕಂಬಳಿಯ ಮೇಲೆ ಹರಡುತ್ತಿದ್ದುದನ್ನು ನೋಡಿ, ಯಾಕಪ್ಪ ಎಂದು ನೀನು ಕೇಳಿದೆ. ಕಪ್ಪಿನ ಮೇಲೆ ಹಾಕಿದರೆ ಮಂಕು ಎಲೆಯೂ ಬಂಗಾರದ ಹಾಗೆ ಕಾಣುತ್ತದೆ ಎಂದೆ ನಾನು. ‘ಎಲೆ ಅದೇ ಅಲ್ವಾ ಅಪ್ಪ?’ ಎಂದೆ ನೀನು. ನಾನು ನಕ್ಕು ಇನ್ನೊಂದು ಹಿಡಿ ಎಲೆ ಹರಡಿದ್ದೆ.

ಇಲ್ಲಿಗೆ ನಿಲ್ಲಿಸುತ್ತೇನೆ, ಸಸಿಮಡಿಗೆ ನೀರು ಹಾಕಬೇಕು. ನೂರು ಕಾಲ ಚೆನ್ನಾಗಿರು. ನಿನ್ನ ಕೈಗೆ ಬಂದ ರೋಗಿಗಳೆಲ್ಲ ತಮ್ಮ ಕಾಲಲ್ಲೇ ನಡೆದು ಮನೆ ಸೇರಲಿ.

ಇಂತಿ ನಿನ್ನ ಅಪ್ಪ,
ಜವರಯ್ಯ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಆ ಬಣ್ಣ ಆರಿಸಿದ್ದು ನಿಮ್ಮವ್ವನಲ್ಲ, ನಾನು. ಕುರ್ಚಿಯನ್ನು ಅಲ್ಲಿ ಹಾಕಿ, ಮಗಳನ್ನು ಇಲ್ಲೇ ಕೂರಿಸು, ಫೋಟೊ ಚೆನ್ನಾಗಿ ಬರುತ್ತದೆ ಎಂದು ಅವಳನ್ನು ನಂಬಿಸಿದ್ದೂ ನಾನೇ. ಅದು ಯಾಕೆಂದು ಅವಳಿಗೆ ಗೊತ್ತಾದದ್ದು ನೀನು ಆ ಮಾತು ಕೇಳಿದಾಗ. ಮಗಳ ಮುಂದೆ ನನ್ನ ಮಾನ ಹೋಗಬಾರದೆಂದು ಅವಳು ಬಾಯಿ ಬಿಡಲಿಲ್ಲ. ನಾನೂ ಮೂರು ವಾರ ಬಿಡಲಿಲ್ಲ. ನಿನ್ನ ಬಣ್ಣ ನನ್ನದು ಕಣವ್ವ, ನಮ್ಮವ್ವನದು, ನಿನ್ನ ಅಜ್ಜಿಯದು. ಅದನ್ನೇ ಮುಚ್ಚಿಡಲು ಹೋಗಿ, ಕಂಬಳಿಯ ಮೇಲೆ ಎಲೆ ಹರಡಿದ ಹಾಗೆ ನಿನ್ನನ್ನು ಕೂರಿಸಿಬಿಟ್ಟೆ. ನಾಚಿಕೆಯಾಗುತ್ತಿದೆ. ಈ ಪತ್ರ ಸಿಕ್ಕಿದ ಸಂಜೆ ನನ್ನ ಮಾತ್ರೆ ಕೇಳಬೇಡ. ಅವ್ವನಿಗೆ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳು.