ಒಂದು ಎಳೆ ತಪ್ಪಿದ ನವಿಲು

ಬೊರಿವಲಿ
ಜನವರಿ ೨೭, ೨೦೨೫

ಪ್ರೀತಿಯ ಮಗಳು ಸೌಮ್ಯಾಗೆ,

ನಿನ್ನ ಅವ್ವನ ತುಂಬು ಆಶೀರ್ವಾದಗಳು. ನೀನಿರುವ ಅಂಧೇರಿಗೆ ಅರ್ಧ ಗಂಟೆಯ ಲೋಕಲ್ ಟ್ರೇನಿನ ದಾರಿ, ಅಲ್ಲಿಗೂ ಪತ್ರವೇ ಎಂದು ನಗಬೇಡ. ಫೋನಿನಲ್ಲಿ ನಾನು ‘ಊಟ ಆಯಿತಾ’ ಎಂದು ಕೇಳಿ ಇಟ್ಟುಬಿಡುತ್ತೇನೆ. ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಕಾಲು ಮುರಿದವಳಿಗೆ ಪುರುಸೊತ್ತೇ ಇರಲಿಲ್ಲ ಎಂದರೆ ನಂಬುತ್ತೀಯಾ? ಆಸ್ಪತ್ರೆಗೆ ಬಂದು ಹೋದವಳು ಮನೆಗೆ ಮಾತ್ರ ಬಂದಿಲ್ಲ, ಏಕೆಂದು ಕೇಳುವುದಿಲ್ಲ.

ಪ್ಲಾಸ್ಟರ್ ಹಾಕಿ ಎರಡು ತಿಂಗಳಾಯಿತು. ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮೊದಲ ವಾರ ಗೋಡೆ ನೋಡಿಕೊಂಡು ಅತ್ತೆ. ಎರಡನೆಯ ವಾರ ಕಸೂತಿಯ ಡಬ್ಬಿ ಇಳಿಸಿಕೊಂಡೆ. ಎದುರುಮನೆಯ ಉಡುಪಿಯ ಹರಿಣಿ ಚಹಾ ಕೊಡಲು ಬಂದವಳು ಸೂಜಿ ಹಿಡಿದು ಕೂತಳು. ಅವಳ ಹಿಂದೆ ಕೆಳಗಿನ ಮನೆಯ ಚಂಪಾ, ಚಂಪಾಳ ಹಿಂದೆ ಅವಳ ಅತ್ತೆ. ಮಂಚವೇ ಶಾಲೆಯಾಯಿತು.

ನನ್ನ ಕಟ್ಟುನಿಟ್ಟು ನಿನಗೆ ಗೊತ್ತೇ ಇದೆ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ಗಂಟು ಕಾಣಬಾರದು, ಹಿಂದೂ ಮುಂದೂ ಒಂದೇ ಸಮ ಇರಬೇಕು. ಒಂದು ಎಳೆ ತಪ್ಪಿದರೂ ಬಿಚ್ಚುವುದೇ. ಹರಿಣಿ ಒಂದು ಎಳೆ ತಪ್ಪಿಸಿ ನವಿಲಿನ ಕತ್ತು ಸೊಟ್ಟ ಮಾಡಿದ್ದಳು. ನಾನು ಕತ್ತರಿ ತೆಗೆದುಕೊಂಡೆ. ಅವಳು ಬಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

“ಬೇಡ ಗುರುಬಾಯಕ್ಕ. ಸೊಟ್ಟ ಆದ್ರೂ ಅದು ನಾನು ಹಾಕಿದ್ದಲ್ವಾ? ನೀವು ಬಿಚ್ಚಿ ಸರಿ ಮಾಡಿದ್ರೆ ನಿಮ್ದಾಗ್ತದೆ ಮಾರಾಯ್ರೆ.”

ಮರುದಿನ ಕತ್ತರಿಯನ್ನು ಅವಳ ಕೈಗೇ ಕೊಟ್ಟೆ.

ನಿನ್ನೆ ಗಣರಾಜ್ಯೋತ್ಸವಕ್ಕೆ ಬಿಲ್ಡಿಂಗ್ ಕೆಳಗೆ ಹಗ್ಗ ಕಟ್ಟಿ ಹನ್ನೊಂದು ಕಸೂತಿ ತೂಗುಹಾಕಿದೆವು. ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಮೆಟ್ಟಿಲಿಳಿಸಿದರು. ವಾಚ್‌ಮನ್ ಅಣವೀರಪ್ಪ ಮುಂದೆ ನಿಂತು, “ಸರೀರಿ, ಕಸೂತಿ ಅಕ್ಕೋರು ಬರಾಕತ್ತಾರ” ಎಂದು ದಾರಿ ಬಿಡಿಸಿದ. ಕನ್ನಡ ತಿಳಿಯದ ಗುಜರಾತಿಗಳೂ ಸರಿದರು. ಜನ ಬಟ್ಟೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ್ದೇ ನೋಡಿದ್ದು. ಹರಿಣಿ ತನ್ನ ಸೊಟ್ಟ ನವಿಲಿನ ಪಕ್ಕ ನಿಂತು ಹತ್ತು ಫೋಟೊ ತೆಗೆಸಿಕೊಂಡಳು. ಚಪ್ಪಾಳೆ ಬಿದ್ದಾಗ ನಾನು ಬೀಗಿದ್ದು ನಿಜ, ಸುಳ್ಳೇಕೆ ಹೇಳಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಟ್ರೇನಿನ ಬಾಗಿಲಲ್ಲಿ ನಿಲ್ಲಬೇಡ. ನಿನ್ನ ಬಾಳು ತಂಪಾಗಿರಲಿ.

ನಿನ್ನ ಅವ್ವ,
ಗುರುಬಾಯಿ

ತಾ.ಕ.: ನಿನಗೆ ಹನ್ನೆರಡು ವರ್ಷವಿದ್ದಾಗ ಕನ್ನಡ ಸಂಘದ ಕಸೂತಿ ಸ್ಪರ್ಧೆಗೆಂದು ನೀನು ಆನೆ ಹಾಕಿದ್ದೆ. ಅದರ ಒಂದು ಕಾಲು ಗಿಡ್ಡವಾಗಿತ್ತು. ನೀನು ಶಾಲೆಗೆ ಹೋದಾಗ ನಾನು ಅದನ್ನು ಪೂರ್ತಿ ಬಿಚ್ಚಿ, ನಾನೇ ಹಾಕಿಟ್ಟೆ. ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ನೀನು ತಲೆ ಎತ್ತಲಿಲ್ಲ, ನಾಚಿಕೆ ಎಂದುಕೊಂಡೆ. ಆಮೇಲೆ ನೀನು ಸೂಜಿ ಮುಟ್ಟಲೇ ಇಲ್ಲ. ನಿನ್ನೆ ಕೆಳಗಿಳಿಯುವ ಮೊದಲು ಎಲ್ಲರೂ ನಮ್ಮ ಗೋಡೆಯ ಮೇಲಿನ, ನಿನ್ನ ಹೆಸರಿನ ಆ ಬಹುಮಾನದ ಆನೆಯನ್ನೂ ತೂಗುಹಾಕೋಣ ಎಂದರು. “ಅದು ನನ್ನ ಮಗಳದ್ದಲ್ರೀ, ನಾ ಹಾಕಿದ್ದು” ಎಂದು ಎಲ್ಲರ ಮುಂದೆ ಹೇಳಿ, ಹರಿಣಿಯ ಕೈಲಿ ಗೋಡೆಯಿಂದ ತೆಗೆಸಿಟ್ಟೆ. ನಿನ್ನದು ಆ ಕುಂಟು ಆನೆ. ಅದನ್ನು ನಾನು ಬಿಚ್ಚಬಾರದಿತ್ತು, ಮಗಳೇ.