ಬಂಡೆ ತಂಡಕ್ಕೆ ಆರು ತಂತಿ

ಇಸವಿ ೨೨೬೪, ಬಿರುಬಿಸಿಲ ತಿಂಗಳು, ನಲವತ್ತೊಂದನೇ ತಾರೀಖು
ಆನೆಗುಂಡು ವಸತಿ, ಚಿತ್ರದುರ್ಗದ ಬಂಡೆಸಾಲು

ಪಾಲಾಕ್ಷಣ್ಣನವರಿಗೆ ತಿಪ್ಪಕ್ಕನ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮವಿಲ್ಲ. ನಿಮ್ಮ ಕ್ಷೇಮ ಕೇಳೋಣವೆಂದರೆ ನೀವು ತೀರಿಕೊಂಡು ಇನ್ನೂರು ವರ್ಷದ ಹತ್ತಿರವಾಗಿರಬೇಕು. ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಏಪ್ರಿಲ್ ಎಂದೂ ಮೇ ಎಂದೂ ನೀವು ಎರಡು ಮಾಡಿಕೊಂಡಿದ್ದನ್ನು ನಾವು ಒಂದೇ ತಿಂಗಳು ಮಾಡಿ ಅರವತ್ತೊಂದು ದಿನ ಕೊಟ್ಟಿದ್ದೇವೆ. ಮಧ್ಯದಲ್ಲಿ ಹೊಸ ತಿಂಗಳು ಹುಟ್ಟಿತು ಎಂದು ಖುಷಿಪಡುವಂಥದ್ದು ಏನೂ ನಡೆಯುವುದಿಲ್ಲ, ಅದಕ್ಕೆ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಹಳೇ ಬರಹ ಓದಲು ನಾನು ಕಲಿತದ್ದೇ ನಿಮ್ಮ ನೋಟ್‌ಬುಕ್ಕಿನಿಂದ, ನಿಮ್ಮ ಅಕ್ಷರವೋ ದೇವರಿಗೇ ಪ್ರೀತಿ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜನ ಮುತ್ತಜ್ಜನ ಕಾಲದವರು. ಆದರೆ ನೋಟ್‌ಬುಕ್ಕಿನಲ್ಲಿ ನಿಮಗೆ ಇಪ್ಪತ್ತು ವರ್ಷ, ನನಗೆ ಈಗ ಹತ್ತೊಂಬತ್ತು. ಹಾಗಾಗಿ ಅಣ್ಣ ಎನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ವಸತಿಯಲ್ಲಿ ನಾನ್ನೂರು ಜನ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗಿನ ಸಮಯಕ್ಕೆ ನಾವು ಒಳಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ಯಾರೂ ಬಿಸಿಲಿಗೆ ತಲೆ ಹಾಕುವಂತಿಲ್ಲ. ಎಲ್ಲರೂ ಬಂಡೆಗಳ ಸಂದಿಯ ಗವಿಗಳಲ್ಲಿ ಕೂತು ನಾರು ಹೊಸೆಯುತ್ತಾರೆ, ಕಾಳು ಬಿಡಿಸುತ್ತಾರೆ, ಜಗಳವಾಡುತ್ತಾರೆ. ನೀರು, ನೆರಳು, ಕೆಲಸ, ಕಬ್ಬಿಣ ಯಾರಿಗೆಷ್ಟು ಎಂದು ಹೇಳುವವರು ಪಾಲುಕಟ್ಟೆಯ ಐದು ಮಂದಿ ಹಿರಿಯರು. ಎರಡು ವರ್ಷದ ಹಿಂದೆ ಹಳೇ ಕಬ್ಬಿಣಕ್ಕಾಗಿ ಒಂದು ಪಾಳು ಹಿಟ್ಟಿನ ಗಿರಣಿಯನ್ನು ಅಗೆಯುವಾಗ ತಗಡಿನ ಟ್ರಂಕೊಂದು ನನ್ನ ಸಲಿಕೆಗೆ ಸಿಕ್ಕಿತು. ಅದರೊಳಗೆ ನಿಮ್ಮ ಗಿಟಾರು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಎರಡು ಸೆಟ್ ತಂತಿ, ಈ ನೋಟ್‌ಬುಕ್ಕು. ಕಬ್ಬಿಣ ಕಮ್ಮಿ, ಮರ ಜಾಸ್ತಿ, ಇವಳ ಅಳು ಅದಕ್ಕಿಂತ ಜಾಸ್ತಿ ಎಂದು ಪಾಲುಕಟ್ಟೆಯವರು ಅದನ್ನು ನನಗೇ ಬಿಟ್ಟರು.

ನಿಮ್ಮ ನೋಟ್‌ಬುಕ್ಕನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ನಿಮ್ಮ ಡ್ರಮ್ಮರ್ ಮೇಲೆ ನನಗೂ ಸಿಟ್ಟಿದೆ. ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಊಟ ಹಾಕುತ್ತಾರೆ ಎಂದು ನಿಮ್ಮನ್ನು ಬಿಟ್ಟು ಹೋದನಲ್ಲ, ಹೊಟ್ಟೆಬಾಕ! ಮನೆಯಲ್ಲಿ ಬೈಯುತ್ತಾರೆ ಎಂದು ನೀವು ಗಿರಣಿಯ ಬಾಗಿಲಲ್ಲಿ, ಮೆಟ್ಟಿಲಾಗಿ ಹಾಕಿದ್ದ ಸವೆದ ಬೀಸುಕಲ್ಲಿನ ಮೇಲೆ ಕೂತು ಅಭ್ಯಾಸ ಮಾಡಿದ್ದು, ತ್ರೀಫೇಸ್ ಬಂದ ಕೂಡಲೇ ಗಿರಣಿ ಶುರುವಾಗಿ ನಿಮಗೇ ನಿಮ್ಮ ಗಿಟಾರು ಕೇಳದಂತಾಗಿದ್ದು, ಆ ಸಿಟ್ಟಿನಲ್ಲಿ ‘ತ್ರೀಫೇಸು ಇನ್ನೂ ಬಂದಿಲ್ಲ’ ಎಂಬ ಹಾಡು ಕಟ್ಟಿದ್ದು, ಎಲ್ಲ ನನಗೆ ಬಾಯಿಪಾಠ. ತ್ರೀಫೇಸು ಎಂದರೆ ಏನು ಎಂದು ಇಲ್ಲಿ ಯಾರಿಗೂ ತಿಳಿಯದು. ಇಷ್ಟು ಕಾಯಬೇಕಾದರೆ ಯಾರೋ ದೊಡ್ಡ ಮನುಷ್ಯರೇ ಇರಬೇಕು ಎಂದುಕೊಂಡಿದ್ದೇವೆ.

ನಲವತ್ತನೇ ಪುಟದವರೆಗೆ ನೀವು ಹೇಳಿದಂತೆಯೇ ಕಲಿತೆ. ಬೆರಳ ತುದಿ ಒಡೆದು ರಕ್ತ ಬಂದಾಗ ‘ಬರಲಿ ಬಿಡು’ ಎಂದು ನೀವು ಬರೆದಿದ್ದೀರಿ, ನಾನೂ ಬಿಟ್ಟೆ. ಆದರೆ ಎಫ್ ಎಂಬ ಆ ಹಿಡಿತ ಇದೆಯಲ್ಲ, ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುವುದು, ಅದು ನಿಮಗೆ ಮೂರು ತಿಂಗಳು ಬರಲಿಲ್ಲ. ನಲವತ್ತನೇ ಪುಟದ ಕೊನೆಯಲ್ಲಿ ದೊಡ್ಡದಾಗಿ ಬರೆದಿದ್ದೀರಿ: ‘ಇವತ್ತು ಎಫ್ ಬಂತು!! ಗುಟ್ಟು ಏನಪ್ಪಾ ಅಂದ್ರೆ’. ಪುಟ ತಿರುಗಿಸಿದರೆ ಗೆದ್ದಲು. ಅಲ್ಲಿಂದ ಹನ್ನೊಂದು ಹಾಳೆ ತಿಂದು ಹಾಕಿದೆ. ಹಾಳಾದ ಗೆದ್ದಲಿಗೆ ತಿನ್ನಲು ಬೇರೆ ಏನೂ ಸಿಗಲಿಲ್ಲವೇ ಅಣ್ಣಾ?

ಒಬ್ಬಳೇ ಬಾರಿಸಿದರೆ ರಾಕ್ ಆಗುವುದಿಲ್ಲ, ಬ್ಯಾಂಡ್ ಬೇಕು ಎಂದು ನೀವೇ ಮೂರು ಕಡೆ ಬರೆದಿದ್ದೀರಿ. ಜೊತೆಗಾರರು ಬೇಕೆಂದು ಪಾಲುಕಟ್ಟೆಗೆ ಅರ್ಜಿ ಕೊಡಲು ಹೊರಟೆ. ರಾಕ್ ಎಂದರೆ ಯಾರಿಗೆ ಗೊತ್ತು? ಹಳೇ ಮಾತು ಬಲ್ಲ ಮೇಷ್ಟರನ್ನು ಕೇಳಿದೆ. ರಾಕ್ ಎಂದರೆ ಬಂಡೆ, ಬ್ಯಾಂಡ್ ಎಂದರೆ ತಂಡ ಎಂದರು. ‘ನನಗೆ ಒಂದು ಬಂಡೆ ತಂಡ ಬೇಕು, ದಯವಿಟ್ಟು ಮಂಜೂರು ಮಾಡಿ’ ಎಂದು ಕಲ್ಲುಹಲಗೆಯ ಮೇಲೆ ಬರೆದು ಕೊಟ್ಟೆ. ಮೂರೇ ದಿನಕ್ಕೆ ಮಂಜೂರಾಯಿತು. ನಾನು ಕುಣಿದಾಡುತ್ತಿರುವಾಗ ಗವಿಯ ಬಾಗಿಲಿಗೆ ಬಂದು ನಿಂತವರು ಕಲ್ಲು ಒಡೆಯುವ ಮೈಲಾರಪ್ಪ ಮಾವ ಮತ್ತು ಅವನಿಗೆ ಉಳಿ ಹಿಡಿಯುವ ಜಬೀನಾ, ಸುತ್ತಿಗೆ ಹಾರೆಗಳ ಸಮೇತ.

“ಎಲ್ಲೈತವ್ವ ಬಂಡೆ?” ಎಂದ ಮಾವ.

ಬಂಡೆ ಇಲ್ಲ ಮಾವ, ಹಾಡು ಎಂದೆ. “ಹಾಡಿಗೆ ಹಾರೆ ಯಾಕವ್ವ?” ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜಬೀನಾ ಮಾತ್ರ ನೆರಳು ನೋಡಿ ಆಗಲೇ ಕೂತಿದ್ದಳು. “ಸುಮ್ಕಿರು ಮಾವ, ಹಾಡಂತೆ. ಬೆಳಗ್ಗಿನ್ ಬಿಸ್ಲಾಗೆ ಕಲ್ಲು ಒಡಿಯೋದು ತಪ್ತು” ಎಂದಳು. ಮಂಜೂರಾದ ಕೆಲಸವನ್ನು ಪಾಲುಕಟ್ಟೆಯವರೇ ಹೇಳುವವರೆಗೆ ಬದಲಾಯಿಸುವಂತಿಲ್ಲ, ಅದು ಇಲ್ಲಿಯ ಕಟ್ಟಳೆ. ನನ್ನ ಬ್ಯಾಂಡ್ ಹುಟ್ಟಿದ್ದು ಹೀಗೆ.

ಆದರೆ ಏನು ಜನ ಅಂತೀರಿ! ಜಬೀನಾ ಬೇರೆ ಬೇರೆ ಉದ್ದದ ಮೂರು ಹಾರೆಗಳನ್ನು ಹಗ್ಗದಲ್ಲಿ ತೂಗುಹಾಕಿ ಹೊಡೆದಾಗ ಹೊರಟ ದಪ್ಪ ದನಿಗೆ ನನ್ನ ಎದೆ ಗುಂಯ್ ಎಂದಿತು. ಮಾವನ ಸುತ್ತಿಗೆಯಂತೂ ನಲವತ್ತು ವರ್ಷದಲ್ಲಿ ಒಂದು ಏಟು ತಪ್ಪಿಲ್ಲ, ತಪ್ಪಿದರೆ ಉಳಿ ಹಿಡಿದವರ ಕೈ ಹೋಗುತ್ತದಲ್ಲ. ತಪ್ಪುತ್ತಿದ್ದವಳು ನಾನೊಬ್ಬಳೇ. ಸಿ ಬರುತ್ತದೆ, ಎ ಮೈನರ್ ಬರುತ್ತದೆ, ಎಫ್ ಎಂದ ಕೂಡಲೇ ಬೆರಳು ಕಲ್ಲಾಗಿ ನಿಲ್ಲುತ್ತದೆ. ಏಟು ಮುಂದೆ ಹೋಗಿರುತ್ತದೆ, ನಾನು ಹಿಂದೆ. “ಉಳಿ ನಿನ್ ಕೈಯಾಗಿದ್ದಿದ್ರೆ ಇಷ್ಟೊತ್ಗೆ ಬೆರಳು ಜಜ್ಜಿ ಹೋಗಿರೋದು ಕಣವ್ವ” ಎನ್ನುತ್ತಿದ್ದ ಮಾವ, ಬೈಗುಳವಾಗಿ ಅಲ್ಲ, ನಿಜವಾಗಿಯೂ ದಿಗಿಲಿನಿಂದ. ದಿನವೂ ಒಳಹೊತ್ತಿನಲ್ಲಿ ಅದೇ ಮೂರು ಸಾಲು, ಅದೇ ಜಾಗದಲ್ಲಿ ಮುಗ್ಗರಿಸುವುದು. ‘ಇದನ್ನ ಯಾರು ಕೇಳ್ತಾರೆ’ ಎಂದು ನೀವು ಕೊನೆಯ ಪುಟದಲ್ಲಿ ಬರೆದಿದ್ದೀರಿ. ಇಲ್ಲಿ ಗವಿಗಳಿಗೆ ಬಾಗಿಲಿಲ್ಲ, ನಾನ್ನೂರು ಜನ ಬೇಡ ಬೇಡವೆಂದರೂ ಕೇಳುತ್ತಾರೆ. ಪಕ್ಕದ ಗವಿಯ ಮಕ್ಕಳು ನನ್ನನ್ನು ‘ನಿಂತ್ಲು ತಿಪ್ಪಿ’ ಎಂದು ಕರೆಯತೊಡಗಿದರು. ಆಡಿಕೊಳ್ಳಲಿ, ನನಗೆ ಅದರ ಸಂಕಟವಿಲ್ಲ. ಒಂದೇ ಒಂದು ಸಲ ಹಾಡು ಕೊನೆ ಮುಟ್ಟಿದರೆ ಸಾಕಿತ್ತು.

ಈ ತಿಂಗಳ ಇಪ್ಪತ್ತೆರಡಕ್ಕೆ ಬಾವಿಯ ಸೋಸುಬಲೆ ಹರಿಯಿತು. ನೀರಿನ ಕೆಸರು, ಹುಳ ತಡೆಯುವ ಸಣ್ಣ ಕಣ್ಣಿನ ತಂತಿಬಲೆ ಅದು, ಮೊದಲೇ ನೂರು ತೇಪೆ. ವಾರದೊಳಗೆ ಮಕ್ಕಳಿಗೆ ವಾಂತಿಭೇದಿ. ನಮ್ಮಕ್ಕನ ಮಗಳು ಸುಬ್ಬಿ, ನಾಲ್ಕು ವರ್ಷದವಳು, ಎದ್ದು ಕೂರಲಾರದಂತಾದಳು. ಬಲೆ ಹೊಲಿಯಲು ತೆಳು ತಂತಿ ಬೇಕು, ಇಡೀ ವಸತಿಯಲ್ಲಿ ಅಂಥ ತಂತಿ ಇರುವುದು ನನ್ನ ಗಿಟಾರಿನಲ್ಲಿ. ಮೊದಲ ಸೆಟ್ಟನ್ನು ಕಲಿಯುವಾಗಲೇ ಕಡಿದು ಹಾಕಿದ್ದೆ. ಉಳಿದದ್ದು ಗಿಟಾರಿನ ಮೇಲಿದ್ದ ಆರೇ ಆರು. ಪಾಲುಕಟ್ಟೆಯ ಹಿರಿಯಳು ದ್ಯಾಮಕ್ಕಜ್ಜಿ ಒಳ್ಳೆಯವಳು, ಬಾಯಿ ಮಾಡಲಿಲ್ಲ. “ನಿನ್ ಹಾಡು ಈ ಊರಿಗೆ ಬೇಕೋ ಬ್ಯಾಡ್ವೋ, ಊರೇ ಹೇಳ್ಲಿ. ಮೂವತ್ತಕ್ಕೆ ಬಾರ್ಸು. ನಿಲ್ಲಿಸ್ದೆ ಬಾರ್ಸು” ಎಂದಳು.

ಬಾರಿಸಿದೆವು. ಸಂಜೆ ಐದಕ್ಕೆ ನಾನ್ನೂರು ಜನರೂ ಬಂಡೆಯ ಮೇಲೆ ಕೂತಿದ್ದರು. ಮಾವನ ಏಟು, ಜಬೀನಾಳ ಹಾರೆ, ನನ್ನ ಸಿ, ನನ್ನ ಎ ಮೈನರ್. ನಿಮ್ಮ ಹಾಡು ಮೊದಲ ಸಲ ಹಾಡಿನಂತೆ ಕೇಳಿಸಿತು ಅಣ್ಣಾ, ಆಣೆ ಮಾಡುತ್ತೇನೆ. ಜನ ತಲೆಯಾಡಿಸುತ್ತಿದ್ದರು. ಆಮೇಲೆ ಎಫ್‌ನ ಸರದಿ ಬಂತು, ಬೆರಳು ನಿಂತಿತು. ಏಟು ನನ್ನನ್ನು ಬಿಟ್ಟು ಮುಂದೆ ಹೋಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಮಾವ ಸುತ್ತಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಾನೆ, ನನ್ನ ಬೆರಳನ್ನೇ ನೋಡುತ್ತಿದ್ದಾನೆ. ನಲವತ್ತು ವರ್ಷದಲ್ಲಿ ತಪ್ಪದವನು ನನಗಾಗಿ ಒಂದು ಏಟು ತಪ್ಪಿಸಿದ್ದ. ಆಗಲೂ ನನ್ನ ಕೈಯಲ್ಲಿ ಆಗಲಿಲ್ಲ. ಅವತ್ತು ಅತ್ತಷ್ಟು ನಾನು ಯಾವತ್ತೂ ಅತ್ತಿಲ್ಲ.

ದ್ಯಾಮಕ್ಕಜ್ಜಿ ಆರೂ ತಂತಿ ಕೇಳಬಹುದಿತ್ತು. ದಪ್ಪನೆಯ ಮೂರನ್ನು ಮಾತ್ರ ಕೇಳಿದಳು. ದಪ್ಪ ತಂತಿಗಳ ಮೈಗೆ ಕೂದಲೆಳೆಯಂಥ ತಂತಿ ಸುತ್ತಿರುತ್ತದಲ್ಲ, ಅದನ್ನು ನಾನೇ ಕೂತು ಬಿಚ್ಚಿಕೊಟ್ಟೆ. ಸುಬ್ಬಿ ಈಗ ಎದ್ದು ಓಡಾಡುತ್ತಿದ್ದಾಳೆ, ಅದಕ್ಕೆ ಯಾರ ಮೇಲೂ ನನಗೆ ಸಿಟ್ಟಿಲ್ಲ. ಉಳಿದ ಮೂರು ತಂತಿಗೆ ತಿಂಗಳ ಕೊನೆಯವರೆಗೆ ಗಡುವು. ಅರವತ್ತೊಂದನೇ ತಾರೀಖು ಹಾಡು ಕೊನೆ ಮುಟ್ಟಿದರೆ ಗಿಟಾರು ನನ್ನದು, ಬ್ಯಾಂಡ್ ನಮ್ಮದು. ಮುಟ್ಟದಿದ್ದರೆ ತಂತಿ ಬಾವಿಗೆ, ಮರ ಒಲೆಗೆ, ಮಾವ ಮತ್ತು ಜಬೀನಾ ಮತ್ತೆ ಬಿಸಿಲಿಗೆ.

ಈಗ ನಗಬೇಡಿ. ಮೂರೇ ತಂತಿ ಉಳಿದ ಮೇಲೆ ನನಗೆ ಎಫ್ ಬಂತು. ತೋರುಬೆರಳು ಎರಡೇ ತಂತಿಯ ಮೇಲೆ ಮಲಗಿದರೆ ಸಾಕು ನೋಡಿ. ಮೂವತ್ತೇಳನೇ ತಾರೀಖು ಹಾಡು ಮೊದಲಿನಿಂದ ಕೊನೆಯವರೆಗೆ ಹೋಯಿತು, ಎಲ್ಲೂ ನಿಲ್ಲದೆ, ಎರಡು ಸಲ. ಜಬೀನಾ ನನ್ನನ್ನು ಎತ್ತಿ ತಿರುಗಿಸಿದಳು. ಮಾವ ಸುತ್ತಿಗೆಯನ್ನು ಪಂಚೆಯಿಂದ ಒರೆಸುತ್ತಾ ಕೂತಿದ್ದ. ಮೂವತ್ತೊಂಬತ್ತಕ್ಕೆ, ಶ್ರುತಿ ಮಾಡುವಾಗ, ಎಲ್ಲಕ್ಕಿಂತ ತೆಳುವಾದ ತಂತಿ ಪಟ್ ಎಂದು ಕಡಿಯಿತು. ಗಂಟು ಹಾಕಿದೆ, ನಿಲ್ಲಲಿಲ್ಲ. ಎರಡೇ ತಂತಿಯಲ್ಲಿ ನಿಮ್ಮ ಹಾಡು ಹಾಡಾಗುವುದಿಲ್ಲ, ಪ್ರಯತ್ನ ಮಾಡಿದೆ. ಇನ್ನು ಇಪ್ಪತ್ತು ದಿನ.

ಅದಕ್ಕೇ ಈ ಕಾಗದ. ಇಲ್ಲಿ ಕಾಗದ ಹುಟ್ಟುವುದಿಲ್ಲ, ನಿಮ್ಮದೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಇದು ನಿಮಗೆ ಹೇಗೆ ಮುಟ್ಟುತ್ತದೆ ಎಂದು ಜಬೀನಾ ಕೇಳಿದಳು. ನನಗೇನು ಗೊತ್ತು? ನಿಮ್ಮದು ನನಗೆ ಮುಟ್ಟಿತಲ್ಲ, ಬಂದ ದಾರಿಯಲ್ಲೇ ಹೋಗಲಿ. ‘ಇವತ್ತೂ ಯಾರೂ ಬರಲಿಲ್ಲ, ಇನ್ನು ಸಾಕು’ ಎಂದು ಅದೇ ಕೊನೆಯ ಪುಟದಲ್ಲಿ ನೀವು ಬರೆದ ದಿನ ಇದು ನಿಮ್ಮ ಕೈಗೆ ಸಿಕ್ಕರೆ, ಸಾಕು ಎನ್ನುವ ಮೊದಲು ನನಗಾಗಿ ಒಂದೇ ಒಂದು ಕೆಲಸ ಮಾಡಿ. ಒಂದು ಸೆಟ್ ತಂತಿ ತನ್ನಿ. ಎಣ್ಣೆಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಗಿರಣಿ ಬಾಗಿಲಿನ ಆ ಬೀಸುಕಲ್ಲಿನ ಕೆಳಗೆ ಹೂತಿಡಿ. ಜೊತೆಗೆ ಒಂದು ಚೀಟಿಯಲ್ಲಿ ಎಫ್‌ನ ಗುಟ್ಟು ಬರೆದಿಡಿ, ಆರು ತಂತಿ ಬಂದರೆ ನನಗೆ ಮತ್ತೆ ಅದು ಬೇಕಾಗುತ್ತದೆ. ಗಿರಣಿಯ ಗೋಡೆ ಈಗ ಇಲ್ಲ, ಮಾಡು ಇಲ್ಲ. ಕಲ್ಲು ಮಾತ್ರ ನೀವು ಕೂತ ಜಾಗದಲ್ಲೇ ಇದೆ.

ಈ ಕಾಗದ ನಿಮಗೆ ಮುಟ್ಟುವುದೇ ಆದರೆ ಡಬ್ಬಿ ಈಗಾಗಲೇ ಅಲ್ಲಿರಬೇಕಲ್ಲ ಎಂದು ನಿನ್ನೆ ಬೆಳಿಗ್ಗೆ ಮೂವರೂ ಹೋಗಿದ್ದೆವು. ಮಾವ ಹಾರೆ ಹಾಕಿ ಕಲ್ಲು ಮಗುಚಿದ. “ಕೊನೆಗೂ ನಮ್ಗೆ ಬಂಡೆ ಕೆಲ್ಸ ಕೊಟ್ಯಲ್ಲವ್ವ” ಎಂದ. ಮೊಣಕಾಲುದ್ದ ಅಗೆದೆವು. ಒಳಹೊತ್ತು ಆಗುವವರೆಗೆ ಕೈಯಲ್ಲಿ ಮಣ್ಣು ಕೆದಕಿದೆವು. ಪಾಲಾಕ್ಷಣ್ಣಾ, ನೀವು ಇನ್ನೂ ಇಟ್ಟಿಲ್ಲ.

ನಿಮ್ಮ ತಂಗಿ,
ತಿಪ್ಪಕ್ಕ